ಗುಜರಿ ಸೆಲ್‌ಗಳಲ್ಲಿ ಓಡ್ತಿರೋ ನನ್ನ ಹಾಲಿನ ಗಾಡಿ

"ಲಿಥಿಯಂ ಬ್ಯಾಟರಿ ಹಾಕು, ಇಲ್ಲಾಂದ್ರೆ ಮಾರಿಬಿಡು ಮಾರಾಯ" ಅಂದಿದ್ದರು ಗೆಳೆಯರೆಲ್ಲ. ಎರಡನ್ನೂ ಮಾಡಲಿಲ್ಲ. ಮನೆಮನೆಗೆ ಹಾಲು ಹಾಕೋಕೆ ಅಂತ ಮಾಡಿದ ನನ್ನ ಹಳೇ ಬ್ಯಾಟರಿ ಗಾಡಿ, ಅಂದ್ರೆ ಮಿಲ್ಕ್ ಫ್ಲೋಟ್, ಹದಿನಾಲ್ಕು ತಿಂಗಳಿಂದ ಇಂಗ್ಲೆಂಡಿನ ಲೆಸ್ಟರ್ ಬೀದಿಗಳಲ್ಲಿ ದೋಸೆ ಹಿಟ್ಟು ಹೊತ್ತು ಓಡ್ತಿದೆ. ಅದೂ ಸೀಸದ ಬ್ಯಾಟರಿಯಲ್ಲೇ.

ಗಾಡಿ ಹಾರ್ಬಿಲ್ಟ್ ಕಂಪನಿಯದು. ಇಲ್ಲೇ ಪಕ್ಕದ ಮಾರ್ಕೆಟ್ ಹಾರ್ಬರೋದಲ್ಲಿ ಹುಟ್ಟಿದ್ದು. 1967ರಲ್ಲಿ ಇಲ್ಲಿನ ಎಲೆಕ್ಟ್ರಿಕ್ ವಾಹನ ಸಂಘ, ಪ್ರಪಂಚದ ಉಳಿದೆಲ್ಲ ದೇಶ ಸೇರಿಸಿದರೂ ಬ್ರಿಟನ್ನಿನಷ್ಟು ಬ್ಯಾಟರಿ ಗಾಡಿ ಇಲ್ಲ ಅಂತ ಹೇಳಿಕೊಂಡಿತ್ತು. ಹೆಚ್ಚುಕಮ್ಮಿ ಎಲ್ಲವೂ ಹಾಲಿನ ಗಾಡಿಗಳೇ. ಮನೆಮನೆಗೆ ನಿಂತು ಹೊರಡೋ ಕೆಲಸಕ್ಕೆ ಇದಕ್ಕಿಂತ ಒಳ್ಳೇದು ನಾನು ಕಂಡಿಲ್ಲ. ಗೇರ್ ಇಲ್ಲ, ಬಾಗಿಲಿಲ್ಲ, ಒಂದೇ ಹೆಜ್ಜೆಗೆ ಇಳಿಯಬಹುದು. ಬೆಳಗಿನ ಜಾವ ನಾಲ್ಕೂವರೆಗೆ ಹೋದರೂ ಯಾರ ನಿದ್ದೆಯೂ ಕೆಡಲ್ಲ.

ಗಾಡಿಗೆ ಕೊಟ್ಟಿದ್ದು 1,800 ಪೌಂಡ್. ಬ್ಯಾಟರಿ ಪೂರ್ತಿ ಸತ್ತಿತ್ತು. ಹೊಸದಕ್ಕೆ ವಿಚಾರಿಸಿದರೆ 5,000ಕ್ಕೂ ಜಾಸ್ತಿ. ಅಷ್ಟು ದುಡ್ಡು ಎಲ್ಲಿಂದ ತರೋಣ? ಲಾರಿಯ 12 ವೋಲ್ಟ್ ಬ್ಯಾಟರಿ ಆರು ತಂದು ಜೋಡಿಸಿದೆ. ನಾಲ್ಕೇ ತಿಂಗಳು. ಸ್ಟಾರ್ಟ್ ಮಾಡೋಕೆ ಅಂತ ಮಾಡಿದ ತೆಳು ಪ್ಲೇಟು ದಿನಾ ಖಾಲಿಯಾಗೋದನ್ನ ತಡೆಯಲ್ಲ ಅಂತ ಗೊತ್ತಿದ್ದೂ ಆಸೆಪಟ್ಟಿದ್ದೆ. 700 ಪೌಂಡ್ ನೀರಿಗೆ ಹಾಕಿದ ಹಾಗಾಯ್ತು.

ಆಮೇಲೆ ಒಂದು ಗೋದಾಮಿನವರು ಸರಕು ಎತ್ತೋ ಫೋರ್ಕ್‌ಲಿಫ್ಟ್ ಬ್ಯಾಟರಿ ಎರಡನ್ನು ಗುಜರಿಗೆ ಹಾಕ್ತಿದ್ದರು. ಎರಡೂ 48 ವೋಲ್ಟ್, ಒಂದೇ ಅಳತೆ. ತೂಕದ ಲೆಕ್ಕದಲ್ಲಿ ಎರಡಕ್ಕೂ ಸೇರಿ 750 ಪೌಂಡ್ ಕೊಟ್ಟೆ. ಸೆಲ್ಲಿಗೆ ಎರಡು ವೋಲ್ಟಿನಂತೆ ಒಟ್ಟು 48 ಸೆಲ್, ಗಾಡಿಯ 72 ವೋಲ್ಟಿಗೆ ನನಗೆ ಬೇಕಿದ್ದದ್ದು 36. ಆತುರದಲ್ಲಿ ಒಂದು ಬ್ಯಾಟರಿಯ 24, ಇನ್ನೊಂದರಿಂದ ಕೈಗೆ ಸಿಕ್ಕ 12 ಹಾಕಿದೆ. ಮೂರನೇ ದಿನ ಏರಿನಲ್ಲಿ ಗಾಡಿ ತೆವಳೋಕೆ ಶುರುವಾಯ್ತು. ಮೀಟರ್ ಇಟ್ಟು ನೋಡಿದರೆ ಒಂದು ಸೆಲ್ ಖಾಲಿಯಾಗಿ ಪ್ಲಸ್ಸು ಮೈನಸ್ಸು ಉಲ್ಟಾ ಆಗಿತ್ತು. ಉಳಿದ 35 ಚೆನ್ನಾಗಿದ್ದರೂ ಆ ಒಂದು ಸೆಲ್ಲು ಎಲ್ಲವನ್ನೂ ಎಳೀತಿತ್ತು.

ಮತ್ತೆ ಎಲ್ಲ ಬಿಚ್ಚಿದೆ. ಈ ಸಲ ಆತುರ ಪಡಲಿಲ್ಲ. ಡಿಸ್ಟಿಲ್ಡ್ ವಾಟರ್ ಹಾಕಿ ನಿಧಾನವಾಗಿ ಚಾರ್ಜ್ ಮಾಡಿ, ಸುಮಾರು 60 ಆಂಪಿಯರ್ ಲೋಡಿಗೆ ಖಾಲಿ ಮಾಡಿದೆ. ಹದಿನೈದು ನಿಮಿಷಕ್ಕೊಮ್ಮೆ ಒಂದೊಂದೇ ಸೆಲ್ಲಿನ ವೋಲ್ಟೇಜ್ ಬರೆದುಕೊಂಡೆ. ಬೇಗ 1.7ಕ್ಕೆ ಇಳಿದಿದ್ದಕ್ಕೆ ಸೀಮೆಸುಣ್ಣದಲ್ಲಿ ಗೀಟು. ಹೀಗೆ ಮೂರು ಸುತ್ತು. ಮೊದಲ ಸುತ್ತಲ್ಲಿ ಸತ್ತಂತಿದ್ದ ಐದು ಸೆಲ್ ಮೂರನೇ ಸುತ್ತಿಗೆ ಎದ್ದು ಕೂತವು! ಲೋಡಿಗೆ ಏನು ಬಳಸಿದೆ, ಆ ಐದಕ್ಕೆ ಎಷ್ಟು ಆಂಪಿಯರ್ ಕೊಟ್ಟೆ, ಅದು ಸದ್ಯಕ್ಕೆ ನನ್ನ ಹತ್ರನೇ ಇರಲಿ. ಇಡೀ ಕೆಲಸಕ್ಕೆ ಏಳು ವಾರ ಹಿಡೀತು. ಸೆಲ್ ಎತ್ತರ ಜಾಸ್ತಿ ಇದ್ದದ್ದರಿಂದ ಬ್ಯಾಟರಿ ಕೂರೋ ತಟ್ಟೆ ಕೆಳಗಿಳಿಸಿ ವೆಲ್ಡ್ ಮಾಡಿಸಿದ್ದಕ್ಕೆ ಇನ್ನೊಂದು 200 ಪೌಂಡ್.

ಈಗ ದಿನಕ್ಕೆ 22 ಕಿಲೋಮೀಟರ್, ಎಪ್ಪತ್ತು ಮನೆ. ವಾಪಸ್ ಬಂದಾಗಲೂ ಮೂರನೇ ಒಂದು ಭಾಗ ಉಳಿದಿರುತ್ತೆ. ರಾತ್ರಿ ಹದಿಮೂರು ಹದಿನಾಲ್ಕು ಯೂನಿಟ್ ಎಳೆಯುತ್ತೆ. ರಾತ್ರಿ ದರದಲ್ಲಿ ಒಂದೂಕಾಲು ಪೌಂಡ್ ಆಸುಪಾಸು. ಹಿಂದಿನ ಡೀಸೆಲ್ ವ್ಯಾನಿಗೆ ಅದೇ ಸುತ್ತಿಗೆ ಐದು ಪೌಂಡ್ ಹೋಗ್ತಿತ್ತು. ಅದೇ ಗೆಳೆಯರು ಈಗ ಫೋನ್ ಮಾಡಿ "ಇನ್ನೂ ಸೆಲ್ ಮಿಕ್ಕಿದೆಯಾ?" ಅಂತ ಕೇಳ್ತಾರೆ.

ಮಧ್ಯೆ ಚಾವಣಿಗೆ 300 ವಾಟಿನ ಸೋಲಾರ್ ಹಾಕಿ ನೋಡಿದೆ. ಬೇಸಿಗೆಯಲ್ಲಿ ದಿನಕ್ಕೆ ಒಂದು ಯೂನಿಟ್, ಚಳಿಗಾಲದಲ್ಲಿ ಲೈಟಿಗೆ ಸಾಕಾದರೆ ಪುಣ್ಯ. ಗಾಡಿ ಓಡಿಸೋಕೆ ಅಂತ ಯಾರೂ ಹಾಕಬೇಡಿ. ನಿಜವಾಗಿ ಲಾಭ ಕೊಟ್ಟಿದ್ದು ಹಳೇ ಟ್ರಾನ್ಸ್‌ಫಾರ್ಮರ್ ಚಾರ್ಜರ್. ಅದು ರಾತ್ರಿಯಿಡೀ ಬೆಚ್ಚಗಿರುತ್ತೆ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಏಳೋ ಗ್ಯಾಸ್ ತಾಗದ ಹಾಗೆ ಗೋಡೆಯಾಚೆಯ ಕೋಣೆಗೆ ಅದನ್ನ ಸರಿಸಿ, ಅದರ ಮೇಲಿನ ಶೆಲ್ಫಲ್ಲಿ ಹಿಟ್ಟಿನ ಡಬ್ಬ ಇಟ್ಟೆ. ಜನವರಿಯ ಚಳಿಯಲ್ಲೂ ಬೆಳಗಾಗೋದ್ರೊಳಗೆ ಹಿಟ್ಟು ಹುಳಿ ಬಂದು ಮುಚ್ಚಳ ಎತ್ತಿರುತ್ತೆ.

ಭಾನುವಾರ ಸೆಲ್ಲಿನ ಆಸಿಡ್ ಎಷ್ಟು ಗಟ್ಟಿ ಇದೆ ಅಂತ ಅಳೆಯೋ ಹೈಡ್ರೋಮೀಟರ್ ಹಿಡಿದು ಕೂರೋದು ತಪ್ಪಿಸಲ್ಲ. ಹೋದ ವಾರ ಬಾಕಿ ಎಲ್ಲ 1.275 ತೋರಿಸಿದರೆ ಹತ್ತೊಂಬತ್ತನೇ ಸೆಲ್ಲು 1.250ರಲ್ಲೇ ನಿಂತಿತ್ತು, ಅಂದ್ರೆ ಪೂರ್ತಿ ಚಾರ್ಜ್ ಆಗ್ತಿಲ್ಲ. ಮಿಕ್ಕಿದ್ದ ಹನ್ನೆರಡರಲ್ಲಿ ಎರಡು ಚೆನ್ನಾಗಿವೆ. ಬರೋ ಶನಿವಾರ ಅದರಲ್ಲೊಂದನ್ನ ಹಾಕ್ತೀನಿ.