ಎಚ್-1ಬಿ ಫೈಲ್: ಒಂದು ಇಲಾಖೆಗೆ ಗೊತ್ತಿರುವುದು ಇನ್ನೊಂದಕ್ಕೆ ಮುಟ್ಟಬೇಕಾದರೆ ಏನು ಮಾಡಬೇಕು?

ವಿದೇಶದ ನುರಿತ ಕೆಲಸಗಾರರಿಗಿರುವ ಅಮೆರಿಕದ ಎಚ್-1ಬಿ ವೀಸಾವನ್ನು ಯಾವುದೋ ಒಂದು ಕಚೇರಿ ಕೊಡುತ್ತದೆ ಅಂತ ತುಂಬ ಜನ ಅಂದುಕೊಂಡಿರುತ್ತಾರೆ. ನಿಜದಲ್ಲಿ ಫೈಲ್ ಮೂರು ಇಲಾಖೆ ಸುತ್ತುತ್ತದೆ. ಮೊದಲು ಕಂಪನಿ ಕಾರ್ಮಿಕ ಇಲಾಖೆಗೆ ಎಲ್‌ಸಿಎ ಎಂಬ ಅರ್ಜಿ ಹಾಕುತ್ತದೆ. ಕೆಲಸ ಏನು, ಯಾವ ಊರಲ್ಲಿ, ಸಂಬಳ ಎಷ್ಟು ಅನ್ನುವುದೆಲ್ಲ ಅದರಲ್ಲಿರುತ್ತದೆ. ಅದು ಪಾಸಾದರೆ ಗೃಹ ಭದ್ರತಾ ಇಲಾಖೆಯ ಯುಎಸ್‌ಸಿಐಎಸ್ ಎಂಬ ವಲಸೆ ಕಚೇರಿಗೆ ಐ-129 ಪಿಟಿಷನ್, ಅಂದರೆ ಈ ವ್ಯಕ್ತಿಯನ್ನು ಕೆಲಸಕ್ಕೆ ಇಟ್ಟುಕೊಳ್ಳಲು ಬಿಡಿ ಅನ್ನುವ ಅರ್ಜಿ. ಆಮೇಲೆ ವಿದೇಶಾಂಗ ಇಲಾಖೆಯ ಕಾನ್ಸುಲೇಟ್‌ನಲ್ಲಿ ಸ್ಟಾಂಪಿಂಗ್, ಅಂದರೆ ಪಾಸ್‌ಪೋರ್ಟ್‌ಗೆ ವೀಸಾ ಹಾಕಿಸುವುದು. ವಿಮಾನ ಇಳಿದ ಮೇಲೆ ಗಡಿ ಅಧಿಕಾರಿಗಳ (ಇವರೂ ಗೃಹ ಭದ್ರತಾ ಇಲಾಖೆಯವರೇ) ಐ-94, ಅಂದರೆ ಯಾವಾಗ ಬಂದಿರಿ, ಎಲ್ಲಿಯವರೆಗೆ ಇರಬಹುದು ಅನ್ನುವ ದಾಖಲೆ.

ಈ ಮೂರೂ ಇಲಾಖೆಗಳ ಕಂಪ್ಯೂಟರ್‌ಗಳು ಬೇರೆ ಬೇರೆ, ಫೈಲ್ ನಂಬರ್‌ಗಳೂ ಬೇರೆ ಬೇರೆ. ತೊಂದರೆ ಶುರುವಾಗುವುದೇ ಇಲ್ಲಿ. ಸರಿಮಾಡುವುದು ಹೇಗೆ, ಒಂದೊಂದಾಗಿ ನೋಡೋಣ.

ಮೊದಲು, ಯಾರ ಹತ್ತಿರ ಏನಿದೆ ಅಂತ ಬರೆದುಕೊಳ್ಳಿ. ಕಾರ್ಮಿಕ ಇಲಾಖೆ ಎಲ್‌ಸಿಎಯನ್ನು 7 ಕೆಲಸದ ದಿನಗಳಲ್ಲಿ ಮುಗಿಸಬೇಕು. ಅರ್ಜಿ ಪೂರ್ತಿ ತುಂಬಿದೆಯಾ, ಎದ್ದು ಕಾಣುವ ತಪ್ಪು ಇದೆಯಾ, ಇಷ್ಟನ್ನೇ ನೋಡಲು ಕಾನೂನು ಬಿಡುತ್ತದೆ. ಆ ಅರ್ಜಿಯಲ್ಲಿ ಕೆಲಸಗಾರರ ಹೆಸರೇ ಇರುವುದಿಲ್ಲ! ಹೆಸರು, ಓದು, ಹಳೆಯ ಅರ್ಜಿಗಳು ಎಲ್ಲ ಯುಎಸ್‌ಸಿಐಎಸ್ ಹತ್ತಿರ. ಆದರೆ ಕಡಿಮೆ ಸಂಬಳ ಕೊಟ್ಟ ಕಂಪನಿಯನ್ನು ಹಿಡಿಯುವ ಅಧಿಕಾರ ಮತ್ತೆ ಕಾರ್ಮಿಕ ಇಲಾಖೆಯದ್ದೇ. ಅಂದರೆ ವಿಷಯ ತಿಳಿದವರು ಒಬ್ಬರು, ಕ್ರಮ ತೆಗೆದುಕೊಳ್ಳುವವರು ಇನ್ನೊಬ್ಬರು.

ಎರಡನೆಯದು, ಫೈಲ್‌ಗಳನ್ನು ಜೋಡಿಸುವ ಒಂದು ನಂಬರ್. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಇದು. ಅಮೆರಿಕ ಸಂಸತ್ತಿಗಾಗಿ ಸರ್ಕಾರದ ಕೆಲಸವನ್ನು ಪರಿಶೀಲಿಸುವ ಜಿಎಒ 2006ರಲ್ಲೇ ಇದನ್ನು ಹೇಳಿತ್ತು. ಯುಎಸ್‌ಸಿಐಎಸ್ ಡೇಟಾಬೇಸ್‌ನಲ್ಲಿ ಪಿಟಿಷನ್‌ಗೂ ಕಾರ್ಮಿಕ ಇಲಾಖೆಯ ಕೇಸ್ ನಂಬರ್‌ಗೂ ತಾಳೆ ಹಾಕಲು ಆಗುತ್ತಿರಲಿಲ್ಲ. ಹೀಗಾಗಿ ಕಂಪನಿ ಐದು ಹುದ್ದೆಗೆ ಎಲ್‌ಸಿಎ ಪಡೆದು, ಅದನ್ನೇ ತೋರಿಸಿ ಎಂಟು ಜನರಿಗೆ ಪಿಟಿಷನ್ ಹಾಕಿದರೆ ಸುಲಭವಾಗಿ ಗೊತ್ತಾಗುತ್ತಿರಲಿಲ್ಲ. ಅದೇ ವರದಿಯ ಇನ್ನೊಂದು ಮಾತು: ಮಾರುಕಟ್ಟೆ ಸಂಬಳಕ್ಕಿಂತ ಕಡಿಮೆ ಬರೆದಿದ್ದರೂ 3,229 ಅರ್ಜಿಗಳು ಪಾಸಾಗಿದ್ದವು. 2011ರ ವರದಿಯಲ್ಲೂ ಅದೇ ಕೊರಗು, ಇಲಾಖೆಗಳ ನಡುವೆ ಒಬ್ಬ ವ್ಯಕ್ತಿಯನ್ನು ಗುರುತಿಸುವ ಒಂದೇ ನಂಬರ್ ಇಲ್ಲ ಅಂತ.

ಒಂದು ಗುರುತು ಎಷ್ಟು ಕೆಲಸ ಮಾಡುತ್ತದೆ ಅನ್ನುವುದಕ್ಕೆ ಎಚ್-1ಬಿ ಲಾಟರಿಯನ್ನೇ ನೋಡಿ, ಅಂದರೆ ಯಾರ ಪರವಾಗಿ ಪಿಟಿಷನ್ ಹಾಕಬಹುದು ಅಂತ ಚೀಟಿ ಎತ್ತುವುದು. ಮೊದಲು ಒಬ್ಬರ ಹೆಸರಲ್ಲಿ ನಾಲ್ಕಾರು ಕಂಪನಿ ನೋಂದಣಿ ಮಾಡಿಸಿದರೆ ಅಷ್ಟೂ ಚೀಟಿ ಲೆಕ್ಕಕ್ಕೆ ಬರುತ್ತಿತ್ತು. 2024ರಲ್ಲಿ ಪಾಸ್‌ಪೋರ್ಟ್ ನಂಬರ್ ಹಿಡಿದು ಒಬ್ಬರಿಗೆ ಒಂದೇ ಚೀಟಿ ಅಂತ ಮಾಡಿದರು. ಹಿಂದಿನ ಸುತ್ತಿನಲ್ಲಿ 7,58,994 ಇದ್ದ ಅರ್ಹ ನೋಂದಣಿಗಳು ಆ ಸುತ್ತಿಗೆ 4,70,342ಕ್ಕೆ ಇಳಿದವು. ದೊಡ್ಡ ಹೊಸ ಸಾಫ್ಟ್‌ವೇರ್ ಬರುವವರೆಗೆ ಕಾಯಬೇಕಾಗಿಲ್ಲ, ಅಲ್ವಾ? ಈಗ ಐ-129ರಲ್ಲಿ ಎಲ್‌ಸಿಎ ನಂಬರ್ ಬರೆಯುವ ಜಾಗ ಇದೆ. ಪಿಟಿಷನ್ ಒಪ್ಪಿದಾಗಲೆಲ್ಲ ಆ ಎಲ್‌ಸಿಎಯಲ್ಲಿ ಒಂದು ಹುದ್ದೆ ತಾನಾಗಿಯೇ ಕಳೆಯಬೇಕು, ಆ ಲೆಕ್ಕ ಎರಡೂ ಕಡೆಯವರಿಗೆ ಕಾಣಬೇಕು.

ಮೂರನೆಯದು, ಮಾಹಿತಿ ಕೊಡಲು ಕಾನೂನಿನ ಅನುಮತಿ. ಪಿಟಿಷನ್ ನೋಡುವಾಗ ಯುಎಸ್‌ಸಿಐಎಸ್ ಸಿಬ್ಬಂದಿಗೆ ಕಂಪನಿಯ ಮೇಲೆ ಅನುಮಾನ ಬಂದರೂ ಅದನ್ನು ಕಳಿಸುವ ದಾರಿ ಇರಲಿಲ್ಲ. ಆ ಮಾಹಿತಿ ಹಿಡಿದು ತನಿಖೆ ಶುರುಮಾಡಲು ತನಗೆ ಕಾನೂನು ಬಿಡುವುದಿಲ್ಲ ಅಂತ ಕಾರ್ಮಿಕ ಇಲಾಖೆಯೂ ಹೇಳಿತ್ತು. 2020ರ ಜುಲೈ 31ರಂದು ಎರಡೂ ಇಲಾಖೆಗಳು ಒಪ್ಪಂದ ಮಾಡಿಕೊಂಡ ಮೇಲೆ ದಾರಿ ತೆರೆಯಿತು. ಆದರೆ ಸುಮ್ನೆ ಸಹಿ ಹಾಕಿದರೆ ಸಾಲದು. ಯಾರು ಕಳಿಸಬೇಕು, ಎಷ್ಟು ದಿನದಲ್ಲಿ ಉತ್ತರ ಬರಬೇಕು, ಕಳಿಸಿದ ದೂರು ಏನಾಯಿತು, ಇದು ಬರಹದಲ್ಲಿರಬೇಕು. ಉತ್ತರ ಬಾರದ ಕಡೆಗೆ ಯಾವ ಅಧಿಕಾರಿಯೂ ಎರಡನೇ ಸಲ ಪತ್ರ ಬರೆಯುವುದಿಲ್ಲ.

ನಾಲ್ಕನೆಯದು, ಬೇಕಾದಷ್ಟನ್ನೇ ಕೊಡಿ. ಸಂಬಳದ ತನಿಖೆಗೆ ಕುಟುಂಬದ ವಿವರ ಯಾಕೆ? ಯಾರು ಯಾವಾಗ ಫೈಲ್ ತೆರೆದರು ಅನ್ನುವ ದಾಖಲೆಯೂ ಉಳಿಯಬೇಕು.

ಕೊನೆಯದು, ತಪ್ಪು ತಿದ್ದುವ ದಾರಿ. ಇದನ್ನು ಎಲ್ಲರೂ ಮರೆಯುತ್ತಾರೆ, ಪೆಟ್ಟು ಬೀಳುವುದು ಮಾತ್ರ ಕೆಲಸಗಾರರಿಗೆ. ಕಾನ್ಸುಲೇಟ್ ಅಧಿಕಾರಿ ನಿಮ್ಮ ಪಿಟಿಷನ್ ಒಪ್ಪಿಗೆಯಾಗಿದೆಯಾ ಅಂತ ಪಿಮ್ಸ್ ಎಂಬ ವ್ಯವಸ್ಥೆಯಲ್ಲಿ ನೋಡುತ್ತಾರೆ. ಅಲ್ಲಿ ದಾಖಲೆ ಬಂದಿಲ್ಲದಿದ್ದರೆ ಕೈಯಲ್ಲಿ ಐ-797 ಒಪ್ಪಿಗೆ ಪತ್ರ ಇದ್ದರೂ ಕಾಯಬೇಕು. ಇಲಾಖೆಗಳು ಮಾಹಿತಿ ಹಂಚಿಕೊಂಡಷ್ಟೂ ಒಂದು ಕಡೆಯ ತಪ್ಪು ಎಲ್ಲ ಕಡೆಗೂ ಹೋಗುತ್ತದೆ. ಹಾಗಾಗಿ ಒಂದು ಕಡೆ ತಿದ್ದಿದ್ದು ಉಳಿದ ಕಡೆಗಳಿಗೂ ತಾನಾಗಿಯೇ ಹೋಗಬೇಕು.

ಅಲ್ಲಿಯವರೆಗೆ ನಿಮ್ಮ ಕೈಲಿರುವುದು: ಕಂಪನಿಯಿಂದ ಎಲ್‌ಸಿಎ ಪ್ರತಿ ಕೇಳಿ ಪಡೆಯಿರಿ, ಅದನ್ನು ನಿಮಗೆ ಕೊಡುವುದು ನಿಯಮ. ಅದರಲ್ಲಿರುವ ಸಂಬಳ, ಊರು ನಿಮ್ಮ ಕೆಲಸಕ್ಕೆ ಹೊಂದದಿದ್ದರೆ ಕಾರ್ಮಿಕ ಇಲಾಖೆಗೆ ಡಬ್ಲ್ಯುಎಚ್-4 ಫಾರ್ಮ್‌ನಲ್ಲಿ ದೂರು ಕೊಡಬಹುದು. ತಪ್ಪು ನಡೆದ 12 ತಿಂಗಳೊಳಗೆ ಕೊಡಬೇಕು. ಅಮೆರಿಕ ತಲುಪಿದ ದಿನವೇ ಐ-94 ತೆರೆದು ಹೆಸರು, ವೀಸಾ ವರ್ಗ, ಕೊನೆಯ ದಿನಾಂಕ ಮೂರನ್ನೂ ನೋಡಿ. ಗಡಿ ಅಧಿಕಾರಿಗಳ ಕಡೆಯಿಂದ ತಪ್ಪಾಗಿದ್ದರೆ ಅವರ ಡಿಫರ್ಡ್ ಇನ್‌ಸ್ಪೆಕ್ಷನ್ ಕಚೇರಿಯಲ್ಲಿ ತಿದ್ದಿಕೊಡುತ್ತಾರೆ.