ಸರಾಸರಿ ಇಳಿದಿತ್ತು, ಮಕ್ಕಳು ಇಳಿದಿರಲಿಲ್ಲ

ಫಲಿತಾಂಶದ ಸಭೆಯಲ್ಲಿ ಓದಿದ್ದು ಒಂದೇ ಅಂಕಿ. ಶಾಲೆಯ ಸರಾಸರಿ ಹಿಂದಿನ ವರ್ಷಕ್ಕಿಂತ ಕಡಿಮೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಸಹೋದ್ಯೋಗಿ ಹೇಳಿದರು: "ಈಗ ಬರೋ ಮಕ್ಕಳೇ ಹಾಗೆ ಬಿಡಿ ಸರ್." ಕೆಲವರು ತಲೆಯಾಡಿಸಿದರು.

ನನಗೆ ಆ ಮಾತು ಚುಚ್ಚಿತು. ಆ ಮಕ್ಕಳಿಗೆ ಎರಡು ವರ್ಷ ಗಣಿತ ಹೇಳಿಕೊಟ್ಟವನು ನಾನು. ಅವರು ಕಲಿತದ್ದನ್ನು ಕಣ್ಣಾರೆ ನೋಡಿದ್ದೆ. ಹಾಗಾದರೆ ತಪ್ಪಿದ್ದು ಅಂಕಿಯೋ, ನನ್ನ ಕಣ್ಣೋ? ರಜೆ ಶುರುವಾದ ಮೇಲೆ ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು ಲೆಕ್ಕಕ್ಕೆ ಕೂತೆ.

ಎದುರಿಗೆ ಇದ್ದದ್ದು ಮೂರು: ದಾಖಲಾತಿ ಪುಸ್ತಕ, ಹಾಜರಾತಿ ಪುಸ್ತಕ, ಅಂಕಪಟ್ಟಿ. ಎಕ್ಸೆಲ್ ಶೀಟಿನ ಮೊದಲ ಕಾಲಂನಲ್ಲಿ ಮಕ್ಕಳ ಹೆಸರು ಹಾಕಲಿಲ್ಲ, ಬರೀ ಕ್ರಮಸಂಖ್ಯೆ ಹಾಕಿದೆ. ಶೀಟು ಯಾರ ಕೈಗೆ ಸಿಕ್ಕರೂ ಮಗುವಿನ ಮನೆಯ ವಿಷಯ ಗೊತ್ತಾಗಬಾರದು ಅಂತ. ಮುಂದಿನ ಕಾಲಂಗಳಲ್ಲಿ ಗಂಡೋ ಹೆಣ್ಣೋ, ಅಪ್ಪ ಅಮ್ಮ ಎಷ್ಟು ಓದಿದ್ದಾರೆ, ಮನೆ ಮಾತು ಯಾವುದು, ವರ್ಷದ ನಡುವೆ ಸೇರಿದ್ದಾರಾ, ಎಷ್ಟು ದಿನ ಗೈರು, ಶಾಲೆಗೆ ಬಂದಾಗ ಎಷ್ಟು ಅಂಕ, ಈಗ ಎಷ್ಟು.

ಅಪ್ಪ ಅಮ್ಮನ ಓದಿನ ಕಾಲಂ ಅರ್ಧಕ್ಕರ್ಧ ಖಾಲಿ ಉಳಿಯಿತು. ದಾಖಲಾತಿಯ ದಿನ ಗಡಿಬಿಡಿಯಲ್ಲಿ ಯಾರೂ ಅದನ್ನು ತುಂಬಿರಲಿಲ್ಲ. ಶಾಲೆ ತೆರೆದ ಮೇಲೆ ನಾನು ಒಂದು ತಪ್ಪು ಮಾಡಿದೆ. ತರಗತಿಯಲ್ಲೇ ನಿಂತು, "ಯಾರ ಮನೆಯಲ್ಲಿ ಅಪ್ಪ ಅಮ್ಮ ಹೈಸ್ಕೂಲಿಗೆ ಹೋಗಿಲ್ಲ, ಕೈ ಎತ್ತಿ" ಅಂದೆ. ಒಬ್ಬ ಹುಡುಗಿ ಅರ್ಧ ಎತ್ತಿದ ಕೈಯನ್ನು ಪಕ್ಕದವಳನ್ನು ನೋಡಿ ಇಳಿಸಿಬಿಟ್ಟಳು. ಆ ಕೈ ನನಗೆ ಇನ್ನೂ ಮರೆತಿಲ್ಲ. ಅವತ್ತಿನಿಂದ ಇಂಥ ಪ್ರಶ್ನೆಗಳನ್ನು ಪೋಷಕರ ಹತ್ತಿರವೇ, ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು, ಯಾಕೆ ಕೇಳ್ತಿದ್ದೀನಿ ಅಂತ ಹೇಳಿಯೇ ಕೇಳುತ್ತೇನೆ. ಹೇಳಲು ಇಷ್ಟವಿಲ್ಲದಿದ್ದರೆ ಬಿಟ್ಟುಬಿಡುತ್ತೇನೆ.

ಕಾಲಂ ತುಂಬಿದ ಮೇಲೆ ಎರಡೂ ವರ್ಷದ ಮಕ್ಕಳನ್ನು ಎರಡು ಗುಂಪು ಮಾಡಿದೆ. ಹೈಸ್ಕೂಲು ಓದಿದ ಹಿರಿಯರಿರುವ ಮನೆಯವರು ಒಂದು ಗುಂಪು, ಮನೆಯಲ್ಲಿ ತಾವೇ ಮೊದಲು ಹೈಸ್ಕೂಲು ಹತ್ತಿದವರು ಇನ್ನೊಂದು. ಎರಡೂ ಗುಂಪಿನ ಸರಾಸರಿ ಏರಿತ್ತು! ಮೂರು ಸಲ ಲೆಕ್ಕ ತಿರುಗಿ ಹಾಕಿದೆ. ಗುಂಪುಗಳು ಏರಿವೆ, ಶಾಲೆ ಇಳಿದಿದೆ.

ಇದು ಹೇಗೆ ಸಾಧ್ಯ ಅನ್ನಿಸಬಹುದು. ಸುಲಭದ ಅಂಕಿ ಇಟ್ಟು ನೋಡಿ. ನೂರು ಮಕ್ಕಳಲ್ಲಿ 80 ಜನ ಮೊದಲ ಗುಂಪು, ಸರಾಸರಿ 70. ಉಳಿದ 20 ಜನರದ್ದು 50. ಒಟ್ಟು ಸರಾಸರಿ 66. ಮುಂದಿನ ವರ್ಷ ಎರಡೂ ಗುಂಪಲ್ಲಿ 50 ಜನ. ಮೊದಲ ಗುಂಪು 72ಕ್ಕೆ ಏರಿತು, ಎರಡನೆಯದು 54ಕ್ಕೆ. ಒಟ್ಟು ಸರಾಸರಿ? 63. ಹೆಚ್ಚು ಏರಿದವರೇ ಎರಡನೇ ಗುಂಪಿನವರು, ಆದರೂ ದೂರು ಅವರ ಮೇಲೆ. ನಮ್ಮಲ್ಲೂ ಆದದ್ದು ಇದೇ. ಮೊದಲೆಲ್ಲ ಮಧ್ಯದಲ್ಲೇ ಓದು ಬಿಡುತ್ತಿದ್ದ ಮನೆಗಳ ಮಕ್ಕಳು ಈಗ ಜಾಸ್ತಿ ಸಂಖ್ಯೆಯಲ್ಲಿ ಶಾಲೆಯಲ್ಲಿ ಉಳಿದಿದ್ದರು. ಅದು ಸಂತೋಷ ಪಡಬೇಕಾದ ಸಂಗತಿ ಅಲ್ವಾ?

ಲೆಕ್ಕದಲ್ಲಿ ಇದಕ್ಕೆ ಸಿಂಪ್ಸನ್ ವಿರೋಧಾಭಾಸ ಅನ್ನುತ್ತಾರೆ. ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ ಎಡ್ವರ್ಡ್ ಸಿಂಪ್ಸನ್ 1951ರಲ್ಲಿ ಇದರ ಬಗ್ಗೆ ಬರೆದರು. ಹೆಚ್ಚು ಹೆಸರಾದ ಉದಾಹರಣೆ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ 1973ರ ಪ್ರವೇಶಾತಿ. ಅರ್ಜಿ ಹಾಕಿದ ಗಂಡಸರಲ್ಲಿ ಸುಮಾರು ಶೇ. 44 ಮಂದಿಗೆ ಸೀಟು ಸಿಕ್ಕಿತ್ತು, ಹೆಂಗಸರಲ್ಲಿ ಶೇ. 35. ವಿಭಾಗವಾರು ಬಿಡಿಸಿ ನೋಡಿದರೆ ಹೆಚ್ಚಿನ ವಿಭಾಗಗಳಲ್ಲಿ ಆ ಭೇದ ಕಾಣಲಿಲ್ಲ. ಸೀಟು ಸಿಗುವುದೇ ಕಷ್ಟವಿದ್ದ ವಿಭಾಗಗಳಿಗೆ ಹೆಂಗಸರು ಹೆಚ್ಚಾಗಿ ಅರ್ಜಿ ಹಾಕಿದ್ದರು.

ಇಲ್ಲಿಗೆ ನಿಲ್ಲಿಸಿದ್ದರೆ ನಮಗೆಲ್ಲ ಸಮಾಧಾನ ಆಗುತ್ತಿತ್ತು. ಆದರೆ ಎರಡು ಗುಂಪಿನ ನಡುವೆ ಅಂತರ ಇನ್ನೂ ಉಳಿದಿತ್ತಲ್ಲ! ಅದಕ್ಕೆ ಉತ್ತರ ಹುಡುಕಬೇಕಿತ್ತು. ಅಮೆರಿಕದಲ್ಲಿ 1966ರ ಕೋಲ್ಮನ್ ವರದಿ ಆರು ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ನೋಡಿ, ಅಂಕಗಳ ವ್ಯತ್ಯಾಸಕ್ಕೆ ಮನೆಯ ಹಿನ್ನೆಲೆಯ ನಂಟು ತುಂಬ ಗಟ್ಟಿ ಎಂದಿತ್ತು. ಅದನ್ನೇ ಹಿಡಿದು, ಶಾಲೆಯಿಂದ ಏನೂ ಆಗಲ್ಲ ಅನ್ನುವವರಿದ್ದಾರೆ. ಅದೇ ವರದಿ, ಹಿಂದುಳಿದ ಸಮುದಾಯಗಳ ಮಕ್ಕಳ ಮೇಲೆ ಶಾಲೆಯ, ಶಿಕ್ಷಕರ ಪರಿಣಾಮ ಉಳಿದವರಿಗಿಂತ ಹೆಚ್ಚು ಎಂದೂ ಹೇಳಿದೆ. ನನಗೆ ಬೇಕಾದದ್ದು ಆ ಮಾತು.

ಹಾಗಾಗಿ ಎರಡನೇ ಗುಂಪಿನ ಒಳಗೇ ನೋಡಿದೆ. ಒಂದೇ ಥರದ ಮನೆ, ಆದರೂ ಕೆಲವರು ಮೇಲೆ, ಕೆಲವರು ಕೆಳಗೆ. ಕಣ್ಣಿಗೆ ಹೊಡೆದದ್ದು ಗೈರಿನ ಕಾಲಂ. ಶಾಲಾ ದಿನಗಳಲ್ಲಿ ಹತ್ತರಲ್ಲೊಂದು ದಿನ ತಪ್ಪಿದರೆ ಅದು ಗಂಭೀರ ಗೈರು ಎಂದು ಹಲವು ಕಡೆ ಲೆಕ್ಕ ಹಿಡಿಯುತ್ತಾರೆ. ತಿಂಗಳಿಗೆ ಎರಡು ದಿನ, ಅಷ್ಟೇ. ಹಾಜರಿ ಕರೆಯುವಾಗ ಅದು ಯಾರಿಗೂ ದೊಡ್ಡದಾಗಿ ಕಾಣಲ್ಲ. ನಾನು ತಾರೀಕು ಹಿಡಿದು ನನ್ನ ಪಾಠದ ಡೈರಿ ಪಕ್ಕದಲ್ಲಿಟ್ಟುಕೊಂಡೆ. ಒಬ್ಬ ಹುಡುಗ ಋಣ ಸಂಖ್ಯೆಗಳ ಪಾಠದ ನಾಲ್ಕು ದಿನ ಇರಲೇ ಇಲ್ಲ. ಆಮೇಲಿನ ಬೀಜಗಣಿತದ ಪ್ರತಿ ಟೆಸ್ಟಿನಲ್ಲೂ ಅವನ ತಪ್ಪು ಒಂದೇ, ಮೈನಸ್ ಚಿಹ್ನೆ. ಅವನಿಗೆ ಬೀಜಗಣಿತ ಬರಲ್ಲ ಅಂತ ನಾನು ಷರಾ ಬರೆದಿದ್ದೆ.

ಗೈರೇ ಕಾರಣ ಅಂತ ಕೂಡಲೇ ತೀರ್ಮಾನ ಮಾಡಬಾರದು. ಕೆಲವರನ್ನು ಕೂರಿಸಿಕೊಂಡು ಕೇಳಿದೆ. ಮನೆಯಲ್ಲಿ ತಮ್ಮನನ್ನು ನೋಡಿಕೊಳ್ಳಬೇಕಿತ್ತು ಅಂದಳು ಒಬ್ಬಳು. ಇನ್ನೊಬ್ಬ ತಲೆ ತಗ್ಗಿಸಿ, "ಅರ್ಥ ಆಗದ ಕ್ಲಾಸಲ್ಲಿ ಕೂತು ಏನ್ ಮಾಡ್ಲಿ ಸರ್" ಅಂದ. ಅವನ ವಿಷಯದಲ್ಲಿ ಗೈರು ಬಂದದ್ದು ಆಮೇಲೆ, ಅರ್ಥ ಆಗದ್ದು ಮೊದಲು. ಶೀಟಿನಲ್ಲಿ ಇಬ್ಬರೂ ಒಂದೇ ಥರ ಕಾಣುತ್ತಾರೆ.

ಇದನ್ನು ಮಾಡಲು ಹೊರಟವರು ಸಣ್ಣ ಗುಂಪುಗಳ ಬಗ್ಗೆ ಎಚ್ಚರ ವಹಿಸಿ. ಆರು ಜನರ ಗುಂಪಿನಲ್ಲಿ ಒಬ್ಬನಿಗೆ ಜ್ವರ ಬಂದು 30 ಅಂಕ ಕಡಿಮೆಯಾದರೆ ಗುಂಪಿನ ಸರಾಸರಿ 5 ಇಳಿಯುತ್ತದೆ. ಮನೆ ಮಾತಿನ ಪ್ರಕಾರ ಬಿಡಿಸಿದಾಗ ನನಗೆ ಹೀಗೇ ಆಯಿತು. ಆಮೇಲೆ ಈ ಲೆಕ್ಕವನ್ನು ಶಿಕ್ಷಕರ ಸಭೆಯ ಮುಂದಿಟ್ಟಾಗ, ಹತ್ತಕ್ಕಿಂತ ಕಡಿಮೆ ಮಕ್ಕಳಿದ್ದ ಗುಂಪನ್ನು ತೋರಿಸಲೇ ಇಲ್ಲ. ಅಷ್ಟು ಚಿಕ್ಕ ಗುಂಪಿನಲ್ಲಿ ಮಗು ಯಾರು ಅಂತಲೂ ಗೊತ್ತಾಗಿಬಿಡುತ್ತದೆ.

ಸಭೆಯಲ್ಲಿ ಇಟ್ಟದ್ದು ಎರಡೇ ಹಾಳೆ. ಒಂದರಲ್ಲಿ ಎರಡು ಗುಂಪಿನ ಎರಡು ವರ್ಷದ ಲೆಕ್ಕ. ಇನ್ನೊಂದರಲ್ಲಿ ಪ್ರತಿ ಮಗುವಿಗೆ ಒಂದು ಚುಕ್ಕೆ: ಬಂದಾಗ ಎಷ್ಟು, ಈಗ ಎಷ್ಟು. ಎರಡನೇ ಹಾಳೆಯ ಮುಂದೆ ಎಲ್ಲರೂ ತುಂಬ ಹೊತ್ತು ನಿಂತರು. ಗೈರಾಗಿ ವಾಪಸ್ ಬಂದ ಮಗುವಿಗೆ ತಪ್ಪಿದ ಪಾಠವನ್ನು ಅದೇ ವಾರ ಅರ್ಧ ಗಂಟೆ ಹೇಳಿಕೊಡಬೇಕು ಅಂತ ನಾಲ್ವರು ಒಪ್ಪಿದೆವು. ಎಲ್ಲರೂ ಒಪ್ಪಲಿಲ್ಲ, ಅವರಿಗಿರುವ ಕೆಲಸದ ಹೊರೆ ನನಗೂ ಗೊತ್ತು.

"ಈಗ ಬರೋ ಮಕ್ಕಳೇ ಹಾಗೆ" ಅಂದಿದ್ದ ಸಹೋದ್ಯೋಗಿ ಮರುದಿನ ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕ ಬಂದು ಕೂತರು. ಕೈಯಲ್ಲಿ ತಮ್ಮ ತರಗತಿಯ ಹಾಜರಾತಿ ಪುಸ್ತಕ ಇತ್ತು. "ಈ ಚುಕ್ಕೆ ಹಾಕೋದು ಹೇಗೆ, ತೋರಿಸಿ" ಅಂದರು.