ತಂತ್ರಜ್ಞಾನ ಕಾನೂನಿನ ವಕೀಲಿಕೆ: ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲೇ ಶುರು ಮಾಡುವುದು ಹೇಗೆ

ಡೇಟಾ ಕಾನೂನು, ಎಐ ವ್ಯಾಜ್ಯ ಅಂದರೆ ಬೆಂಗಳೂರು, ದೆಹಲಿಯ ದೊಡ್ಡ ಫರ್ಮುಗಳ ಕೆಲಸ ಎಂದುಕೊಂಡು ನಮ್ಮ ಕಡೆಯ ಎಲ್‌ಎಲ್‌ಬಿ ಹುಡುಗ ಹುಡುಗಿಯರು ಅದರ ತಂಟೆಗೇ ಹೋಗುವುದಿಲ್ಲ. ಆದರೆ ಈ ವಕೀಲಿಕೆಯ ಬುನಾದಿ ಎಲೆಕ್ಟ್ರಾನಿಕ್ ಸಾಕ್ಷ್ಯ. ಅದು ಜಿಲ್ಲಾ ಕೋರ್ಟುಗಳಿಗೆ ದಿನಾ ಬರುತ್ತಿದೆ. ಅದನ್ನು ನೆಟ್ಟಗೆ ಹಾಜರುಪಡಿಸಬಲ್ಲವರು ಬೇಕಾಗಿದ್ದಾರೆ.

ಸನ್ನದು ಪಡೆಯುವ ಹಂತದ ಬಗ್ಗೆ ಎರಡೇ ಮಾತು. ನೋಂದಣಿ ಶುಲ್ಕ 750 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ 125. ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಜುಲೈ 30ರಂದು ಹೇಳಿದೆ. ವಕೀಲಿಕೆಗೆ ಬೇಕಾದ ಅಖಿಲ ಭಾರತ ಪರೀಕ್ಷೆ ಎಐಬಿಇಯ 100 ಪ್ರಶ್ನೆಗಳಲ್ಲಿ ಸೈಬರ್ ಕಾನೂನಿನ ಪಾಲು ತೀರಾ ಸಣ್ಣದು, ಹಾಗಾಗಿ ಪಾಸಾದ ಮಾತ್ರಕ್ಕೆ ಈ ವಿಷಯ ಬಂತು ಎಂದುಕೊಳ್ಳಬೇಡಿ. ಇಂಡಿಯಾ ಕೋಡ್ ತಾಣದಿಂದ ಮೂಲ ಕಾಯ್ದೆಗಳನ್ನೇ ಇಳಿಸಿಕೊಂಡು ಓದಿ: 2000ದ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆ, 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ, ಭಾರತೀಯ ಸಾಕ್ಷ್ಯ ಅಧಿನಿಯಮ. ಡೇಟಾ ಕಾಯ್ದೆಯಲ್ಲಿ ಇರುವುದು 44 ಕಲಂ, ಒಂದು ವಾರದ ಓದು.

63ನೇ ಕಲಮಿನ ಪ್ರಮಾಣಪತ್ರ

ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಪ್ರಮಾಣಪತ್ರ ಕೇಳುತ್ತಿದ್ದ ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಕಲಮಿನ ಜಾಗಕ್ಕೆ 2024ರ ಜುಲೈ 1ರಿಂದ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಬಂದಿದೆ. ಪ್ರಮಾಣಪತ್ರಕ್ಕೆ ಈಗ ಎರಡು ಭಾಗ. ಭಾಗ ಎ ಸಾಧನ ಯಾರ ಸುಪರ್ದಿಯಲ್ಲಿದೆಯೋ ಅವರದು, ಭಾಗ ಬಿ ತಜ್ಞರದು. ಸಾಧನದ ಮೇಕ್, ಮಾಡೆಲ್, ಬಣ್ಣ, ಸೀರಿಯಲ್ ನಂಬರ್, ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ, ಫೈಲಿನ ಬೆರಳಚ್ಚಿನಂತಿರುವ ಹ್ಯಾಶ್ ಮೌಲ್ಯ, ಅದನ್ನು ತೆಗೆದದ್ದು ಯಾವ ಅಲ್ಗಾರಿದಮ್‌ನಿಂದ, ದಿನಾಂಕ, ಸಮಯ, ಸ್ಥಳ ಎಲ್ಲವನ್ನೂ ತುಂಬಬೇಕು, ಹ್ಯಾಶ್ ವರದಿಯನ್ನು ಲಗತ್ತಿಸಬೇಕು.

ಕೇಸು ಕೆಡುವುದು ಹೆಚ್ಚಾಗಿ ಇಲ್ಲೇ. ಕಕ್ಷಿದಾರರು ವಾಟ್ಸ್‌ಆ್ಯಪ್ ಸ್ಕ್ರೀನ್‌ಶಾಟನ್ನು ನಿಮ್ಮ ಮೊಬೈಲಿಗೆ ಫಾರ್ವರ್ಡ್ ಮಾಡುತ್ತಾರೆ, ನೀವು ಪ್ರಿಂಟ್ ಹಾಕಿಸುತ್ತೀರಿ. ಫಾರ್ವರ್ಡ್ ಆಗುವಾಗ ಚಿತ್ರ ಕುಗ್ಗುತ್ತದೆ, ಹ್ಯಾಶ್ ಬದಲಾಗುತ್ತದೆ, ಮೂಲ ಫೋನಿನಲ್ಲಿರುವ ಫೈಲಿಗೂ ನಿಮ್ಮ ಫೈಲಿಗೂ ತಾಳೆಯಾಗುವುದಿಲ್ಲ. ಹಾಗೆ ಮಾಡದೆ, ಫೋನನ್ನೇ ಚೇಂಬರಿಗೆ ತರಿಸಿ, ಮೀಡಿಯಾ ಸಮೇತ ಚಾಟ್ ಎಕ್ಸ್‌ಪೋರ್ಟ್ ಮಾಡಿ, ಯುಎಸ್‌ಬಿ ಕೇಬಲ್ಲಿನಿಂದ ಕಂಪ್ಯೂಟರಿಗೆ ನಕಲಿಸಿ. ವಿಂಡೋಸಿನಲ್ಲೇ ಇರುವ ಸರ್ಟ್‌ಯುಟಿಲ್ (certutil) ಆದೇಶ ಬಳಸಿ ಎಸ್‌ಎಚ್‌ಎ-256 ಹ್ಯಾಶ್ ತೆಗೆಯಿರಿ; 64 ಅಕ್ಷರಗಳ ಸಾಲು ಬರುತ್ತದೆ. ಆಮೇಲೆ ಫೈಲನ್ನು ತೆರೆದು ಸೇವ್ ಮಾಡಬಾರದು. ಒಂದು ಅಲ್ಪವಿರಾಮ ಸೇರಿದರೂ ಆ ಸಾಲು ಪೂರ್ತಿ ಬೇರೆಯಾಗುತ್ತದೆ. ಐಎಂಇಐಗೆ ಫೋನಿನಲ್ಲಿ *#06# ಒತ್ತಿದರೆ ಸಾಕು, ಡಬ್ಬಿ ಹುಡುಕುವ ಅಗತ್ಯವಿಲ್ಲ.

65ಬಿ ಕಾಲದ ಸುಪ್ರೀಂ ಕೋರ್ಟಿನ ಅರ್ಜುನ್ ಪಂಡಿತರಾವ್ ಖೋತ್ಕರ್ ತೀರ್ಪನ್ನು (2020) ಈಗಲೂ ಕೈಯಲ್ಲಿಟ್ಟುಕೊಳ್ಳಿ. ನಕಲನ್ನು ಹಾಜರುಪಡಿಸುವಾಗ ಪ್ರಮಾಣಪತ್ರ ಕಡ್ಡಾಯ. ಮಾಲೀಕರೇ ಸಾಕ್ಷಿ ಕಟಕಟೆಗೆ ಬಂದು ಮೂಲ ಸಾಧನವನ್ನು ಹಾಜರುಪಡಿಸಿದರೆ ಬೇಡ. ಬ್ಯಾಂಕೋ ಕಂಪನಿಯೋ ಪ್ರಮಾಣಪತ್ರ ಕೊಡಲು ಒಪ್ಪದಿದ್ದರೆ ಕೋರ್ಟಿಗೆ ಅರ್ಜಿ ಹಾಕಿ ತರಿಸಬಹುದು.

ಆರೋಪಿಯ ಪರ ಇದ್ದರೆ ದೋಷಾರೋಪ ಪಟ್ಟಿಯಲ್ಲಿ ತನಿಖಾಧಿಕಾರಿಯ ಹುದ್ದೆ ನೋಡಿ. ಐಟಿ ಕಾಯ್ದೆಯ 78ನೇ ಕಲಮಿನ ಪ್ರಕಾರ ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ಪಿಎಸ್‌ಐ ಮಾಡಿದ್ದರೆ ಪಾಟೀಸವಾಲಿನ ಮೊದಲ ಅಂಶ ಅದೇ.

ಫ್ರೀಜ್ ಆದ ಖಾತೆ

ಗಂಗಾವತಿಯ ಅಕ್ಕಿ ವ್ಯಾಪಾರಿಗೋ ಬಳ್ಳಾರಿಯ ಜೀನ್ಸ್ ಹೊಲಿಸುವವರಿಗೋ ಯುಪಿಐನಲ್ಲಿ ಬಂದ ಹಣ ವಂಚನೆಯದ್ದಾಗಿದ್ದರೆ ಎಲ್ಲೋ ಹೊರರಾಜ್ಯದ ಪೊಲೀಸರು ಇಡೀ ಖಾತೆ ತಡೆಹಿಡಿಸುತ್ತಾರೆ. ಜೂನಿಯರ್ ಒಬ್ಬರು ಸ್ವಂತವಾಗಿ ನಡೆಸಬಹುದಾದ ಒಳ್ಳೆಯ ಕೆಲಸವಿದು. ಮೊದಲು ಬ್ಯಾಂಕಿಗೆ ಲಿಖಿತವಾಗಿ ಕೇಳಿ: ಯಾವ ಠಾಣೆ, ದೂರಿನ ಸ್ವೀಕೃತಿ ಸಂಖ್ಯೆ, ವಿವಾದದ ಮೊತ್ತ, ಯಾವ ಕಲಂ. ಬಳಿಕ ಜಿಎಸ್‌ಟಿ ಬಿಲ್, ತೂಕದ ಚೀಟಿ, ಲಾರಿ ರಸೀದಿ ಸೇರಿಸಿ ತನಿಖಾಧಿಕಾರಿಗೆ ಪತ್ರ ಬರೆದು, ತಡೆಯನ್ನು ವಿವಾದದ ಮೊತ್ತಕ್ಕಷ್ಟೇ ಸೀಮಿತಗೊಳಿಸಿ ಎಂದು ಕೋರಿ. ಆ ತಡೆ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 106ನೇ ಕಲಮಿನ ಜಪ್ತಿಯೋ, ಮ್ಯಾಜಿಸ್ಟ್ರೇಟರ ಆದೇಶ ಬೇಕಾದ 107ನೇ ಕಲಮಿನ ಮುಟ್ಟುಗೋಲೋ ಎಂಬುದರ ಮೇಲೆ ವಾದ ನಿಲ್ಲುತ್ತದೆ. 106 ಆಗಿದ್ದರೆ ಮ್ಯಾಜಿಸ್ಟ್ರೇಟರಿಗೆ ತಕ್ಷಣ ವರದಿ ಹೋಗಿರಬೇಕು. ಹೊರರಾಜ್ಯದ ಠಾಣೆಯ ಜಪ್ತಿಗೆ ಸ್ಥಳೀಯ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ (ಜೆಎಂಎಫ್‌ಸಿ) ಅರ್ಜಿ ಹಾಕಿದರೆ ಅಧಿಕಾರ ವ್ಯಾಪ್ತಿಯ ಪ್ರಶ್ನೆಯಲ್ಲೇ ತಿಂಗಳುಗಳು ಹೋಗುತ್ತವೆ. ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕುವುದಾದರೆ ಬಳ್ಳಾರಿ, ಕೊಪ್ಪಳದವರಿಗೆ ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ ಪೀಠ.

ಅನುಮತಿಯಿಲ್ಲದೆ ಕಂಪ್ಯೂಟರಿಗೋ ಡೇಟಾಕ್ಕೋ ಕೈಹಾಕಿ ಹಾನಿ ಮಾಡಿದ್ದರೆ, ಐಟಿ ಕಾಯ್ದೆಯ 43ನೇ ಕಲಮಿನಡಿ 5 ಕೋಟಿ ರೂಪಾಯಿವರೆಗಿನ ಪರಿಹಾರಕ್ಕೆ ಸಿವಿಲ್ ದಾವೆಯಲ್ಲ, 46ನೇ ಕಲಮಿನ ನ್ಯಾಯನಿರ್ಣಯಾಧಿಕಾರಿಯಾದ ರಾಜ್ಯದ ಐಟಿ ಕಾರ್ಯದರ್ಶಿಯ ಮುಂದೆ ಅರ್ಜಿ. ಮೇಲ್ಮನವಿ 45 ದಿನದೊಳಗೆ ದೆಹಲಿಯ ದೂರಸಂಪರ್ಕ ನ್ಯಾಯಮಂಡಳಿ ಟಿಡಿಸ್ಯಾಟ್‌ಗೆ.

ಕನ್ನಡ ಗೊತ್ತಿರುವುದೇ ಬಂಡವಾಳ

ಡೇಟಾ ಕಾಯ್ದೆಯ 5ನೇ ಕಲಂ ಪ್ರಕಾರ, ಒಪ್ಪಿಗೆಗೆ ಮುನ್ನ ಕೊಡುವ ನೋಟಿಸನ್ನು ಕನ್ನಡವೂ ಸೇರಿದ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಯಲ್ಲಿ ಓದುವ ಅವಕಾಶ ಜನರಿಗಿರಬೇಕು. ನಿಯಮಗಳು 2025ರ ನವೆಂಬರಿನಲ್ಲಿ ಬಂದಿವೆ. ಮುಖ್ಯ ಹೊಣೆಗಳಿಗೆ 18 ತಿಂಗಳ ಗಡುವು. ಅಷ್ಟರೊಳಗೆ ನರ್ಸಿಂಗ್ ಹೋಂ, ಶಾಲೆ, ಪತ್ತಿನ ಸಹಕಾರ ಸಂಘ ಎಲ್ಲಕ್ಕೂ ಓದಿದರೆ ಅರ್ಥವಾಗುವ ಕನ್ನಡ ನೋಟಿಸ್ ಬೇಕು. ಯಂತ್ರಾನುವಾದದ ಗೊಂದಲದ ವಾಕ್ಯಕ್ಕೆ ಸಹಿ ಹಾಕಿಸಿಕೊಂಡರೆ ಆ ಒಪ್ಪಿಗೆ ವಿವಾದದ ಹೊತ್ತಿನಲ್ಲಿ ನಿಲ್ಲುವುದು ಕಷ್ಟ. 18 ವರ್ಷದೊಳಗಿನ ಮಕ್ಕಳ ಡೇಟಾಕ್ಕೆ ಪೋಷಕರ ಒಪ್ಪಿಗೆ ಬೇಕೆಂಬುದನ್ನು ಶಾಲೆಗಳಿಗೆ ಮೊದಲೇ ತಿಳಿಸಿ. ಭದ್ರತೆಯಲ್ಲಿ ಲೋಪವಾದರೆ ದಂಡ 250 ಕೋಟಿವರೆಗೆ ಹೋಗಬಹುದು.

ಎಐ ವ್ಯಾಜ್ಯಕ್ಕೆ ತಯಾರಿ

ಎಎನ್‌ಐ ಸುದ್ದಿಸಂಸ್ಥೆ ಚಾಟ್‌ಜಿಪಿಟಿ ತಯಾರಿಸುವ ಓಪನ್‌ಎಐ ಮೇಲೆ 2024ರ ನವೆಂಬರಿನಲ್ಲಿ ದೆಹಲಿ ಹೈಕೋರ್ಟಿನಲ್ಲಿ ಹೂಡಿದ ದಾವೆಯನ್ನು ಅಭ್ಯಾಸಕ್ಕೆ ಇಟ್ಟುಕೊಳ್ಳಿ. ಎಐ ತರಬೇತಿಗಾಗಿ ಸುದ್ದಿ ಸಂಗ್ರಹಿಸುವುದು ಕೃತಿಸ್ವಾಮ್ಯದ ಉಲ್ಲಂಘನೆಯೇ, ಉತ್ತರದಲ್ಲಿ ಬಳಸುವುದು ಉಲ್ಲಂಘನೆಯೇ, ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನ ವಿನಾಯಿತಿ ಸಿಗುತ್ತದೆಯೇ, ಸರ್ವರ್ ಹೊರದೇಶದಲ್ಲಿದ್ದರೆ ಇಲ್ಲಿನ ಕೋರ್ಟಿಗೆ ಅಧಿಕಾರ ಇದೆಯೇ: ನಾಲ್ಕಕ್ಕೂ ಎರಡೂ ಕಡೆಯ ವಾದ ಬರೆಯಿರಿ. ಕಷ್ಟವೆನಿಸಿದರೂ ಬಿಡಬೇಡಿ, ಇಂಟರ್ನ್‌ಶಿಪ್ ಕೇಳುವಾಗ ಕೋರ್ಸಿನ ಸರ್ಟಿಫಿಕೇಟಿಗಿಂತ ಇಂಥ ಹತ್ತು ಪುಟಕ್ಕೆ ಬೆಲೆ. ನಮ್ಮದೇ ಹೈಕೋರ್ಟ್ 2025ರ ಸೆಪ್ಟೆಂಬರ್ 24ರಂದು ಜಾಲತಾಣದ ಬರಹ ತೆಗೆಯಲು ಸೂಚಿಸುವ ಸರ್ಕಾರದ ಸಹಯೋಗ್ ಪೋರ್ಟಲ್ ವಿರುದ್ಧ ಎಕ್ಸ್ ಕಂಪನಿ ಹಾಕಿದ್ದ ಅರ್ಜಿಯನ್ನು ವಜಾ ಮಾಡಿದ ತೀರ್ಪನ್ನು, ಆನ್‌ಲೈನ್ ಅಭಿವ್ಯಕ್ತಿ ಸ್ವಾತಂತ್ರ್ಯದ ಬಗೆಗಿನ ಸುಪ್ರೀಂ ಕೋರ್ಟಿನ 2015ರ ಶ್ರೇಯಾ ಸಿಂಘಲ್ ತೀರ್ಪಿನ ಪಕ್ಕದಲ್ಲಿಟ್ಟು ಓದಿ.

ಅರ್ಜಿ ಬರೆಯಲು ಎಐ ಬಳಸುವವರು, ಅದು ಕೊಟ್ಟ ಪ್ರತಿ ತೀರ್ಪನ್ನೂ ಸುಪ್ರೀಂ ಕೋರ್ಟಿನ ತೀರ್ಪುಗಳ ತಾಣ ಇ-ಎಸ್‌ಸಿಆರ್‌ನಂಥ ಅಧಿಕೃತ ತಾಣದಲ್ಲಿ ಹುಡುಕಿ, ಪಿಡಿಎಫ್ ತೆರೆದು, ಉಲ್ಲೇಖಿಸಿದ ವಾಕ್ಯ ಆ ಪ್ಯಾರಾದಲ್ಲಿ ಇದೆಯೇ ನೋಡಬೇಕು. ನ್ಯೂಯಾರ್ಕಿನಲ್ಲಿ 2023ರ ಮಾಟಾ ಪ್ರಕರಣದಲ್ಲಿ ಚಾಟ್‌ಜಿಪಿಟಿ ಹುಟ್ಟಿಸಿದ ತೀರ್ಪುಗಳನ್ನು ಸಲ್ಲಿಸಿದ ವಕೀಲರಿಗೆ 5,000 ಡಾಲರ್ ದಂಡ ಬಿತ್ತು. ಕಕ್ಷಿದಾರರ ಕಾಗದಪತ್ರಗಳನ್ನು ಮಾತ್ರ ಉಚಿತ ಚಾಟ್‌ಬಾಟ್‌ಗೆ ಹಾಕಲೇಬೇಡಿ. ಅವರು ನಿಮಗೆ ಹೇಳಿದ್ದನ್ನು ಗುಟ್ಟಾಗಿಡುವ ಹೊಣೆ ಸಾಕ್ಷ್ಯ ಅಧಿನಿಯಮದ 132ನೇ ಕಲಮಿನಲ್ಲಿದೆ, ಕೇಸು ಮುಗಿದ ಮೇಲೂ ಅದು ಮುಗಿಯುವುದಿಲ್ಲ.